'ಬಂದನು' ವಿರುದ್ಧ ಪದ ಯಾವುದು? ಸಹಾಯ ಬೇಕು

ನಮಸ್ಕಾರ ರೀ. ನಾವು ಜಮಖಂಡಿಯವರು, ಮಗಳು ಆರನೇ ಕ್ಲಾಸು. 'ಬಡತನ'ಕ್ಕೆ ವಿರುದ್ಧ ಪದ 'ಶ್ರೀಮಂತ' ಅಂತ ಬರೆದು ಅಂಕ ಕಳೆದುಕೊಂಡಳು. ಅದು ಸರಿನೇ ಬಿಡಿ. ಬಡತನ ಅನ್ನೋದು ಸ್ಥಿತಿ, ಶ್ರೀಮಂತ ಅಂದರೆ ಮನುಷ್ಯ, 'ಸಿರಿತನ' ಬರೆಯಬೇಕಿತ್ತು. ಗುಣವಾಚಕದಲ್ಲೂ ತೊಂದರೆ ಇಲ್ಲ: ದೊಡ್ಡ–ಚಿಕ್ಕ, ಹಳೆಯ–ಹೊಸ.

ಕ್ರಿಯಾಪದಕ್ಕೆ ಬಂದಾಗ ನಾನೇ ಸಿಕ್ಕಿಬಿದ್ದೆ. 'ಬಂದನು' ಅನ್ನೋದಕ್ಕೆ 'ಹೋದನು' ಬರೆಯಬೇಕಾ, 'ಬರಲಿಲ್ಲ' ಬರೆಯಬೇಕಾ? ಮನೆಯಲ್ಲಿದ್ದ ವ್ಯಾಕರಣ ಪುಸ್ತಕ ತಿರುವಿ ಹಾಕಿದೆ. 'ಬರಲಿಲ್ಲ' ನಿಷೇಧಾರ್ಥಕ ರೂಪ ಅಂತಷ್ಟೇ ಇದೆ. ಆದರೆ 'ಬೇಕು–ಬೇಡ' ವಿರುದ್ಧ ಪದ ಅಂತಲೇ ನಾವೆಲ್ಲ ಕಲಿತದ್ದು, ಅಲ್ವಾ? ಇನ್ನು 'ತಿಂದನು' ಅನ್ನೋದಕ್ಕೆ 'ತಿನ್ನಲಿಲ್ಲ' ಬಿಟ್ಟು ಬೇರೇನೂ ಹೊಳೆಯಲಿಲ್ಲ.

ಮಂಗಳವಾರ ಪರೀಕ್ಷೆ. ಕನ್ನಡ ಕಲಿಸುವವರು ಯಾರಾದರೂ ಇದ್ದರೆ ಹೇಳಿ: ಕ್ರಿಯಾಪದದ ನಿಷೇಧ ರೂಪವನ್ನು ವಿರುದ್ಧ ಪದ ಅಂತ ಬರೆದರೆ ಸರಿ ಕೊಡುತ್ತೀರಾ, ತಪ್ಪು ಹಾಕುತ್ತೀರಾ?