ರಾಜನ ಪಾತ್ರಕ್ಕೆ ಹೀಲ್ಸ್, ಹುಡುಗ ಒಪ್ತಿಲ್ಲ

ಬಣ್ಣದಪೆಟ್ಟಿಗೆ:
ನಮ್ದು ಶಿವಮೊಗ್ಗದ ಹವ್ಯಾಸಿ ನಾಟಕ ತಂಡ, ಬಟ್ಟೆಬರೆ ನನ್ನ ಪಾಲಿಗೆ. ಈ ಸಲದ ನಾಟಕದಲ್ಲಿ ಫ್ರಾನ್ಸಿನ 14ನೇ ಲೂಯಿ ಬರ್ತಾನೆ, ಕಾಲ 1670ರ ಆಸುಪಾಸು. ನಿರ್ದೇಶಕರಿಗೆ ಕೆಂಪು ಹೀಲ್ಸ್ ಬೇಕೇ ಬೇಕಂತೆ. ಪಾತ್ರದ ಹುಡುಗ ಮಾತ್ರ "ಅಕ್ಕಾ, ನಮ್ಮೂರಿಂದ ಜನ ಬರ್ತಾರೆ, ಹೆಂಗಸರ ಚಪ್ಪಲಿ ಹಾಕ್ಕೊಂಡು ನಾ ನಿಲ್ಲಲ್ಲ" ಅಂತ ಕೂತಿದಾನೆ. ಗಂಡಸರು ನಿಜವಾಗ್ಲೂ ಹಾಕ್ತಿದ್ರಾ? ಇನ್ನೊಂದು, ನನ್ನದೇ ಹಳೇ ಸ್ಯಾಂಡಲ್ಲಿಗೆ ಪೂರ್ತಿ ಕೆಂಪು ಬಳಿದಿಟ್ಟಿದೀನಿ. ನಡೆಯುತ್ತಾ?

ರಿಕಾಪು:
ಹೆಂಗಸರೇ ಅದನ್ನ ಗಂಡಸರಿಂದ ತಗೊಂಡಿದ್ದು ಮೇಡಂ! ಮೊದಲು ಹಾಕ್ತಿದ್ದವರು ಪರ್ಶಿಯಾದ ಕುದುರೆ ಸವಾರರು. ಓಡೋ ಕುದುರೆ ಮೇಲೆ ರಿಕಾಪಿನಲ್ಲಿ, ಅಂದ್ರೆ ಸವಾರ ಕಾಲಿಡೋ ಬಳೆಯಲ್ಲಿ, ಎದ್ದು ನಿಂತು ಬಾಣ ಬಿಡಬೇಕಲ್ಲ, ಹಿಮ್ಮಡಿ ಎತ್ತರ ಇದ್ರೆ ರಿಕಾಪಿಗೆ ಸಿಕ್ಕಿಕೊಂಡು ಕಾಲು ಜಾರಲ್ಲ. 1599ರಲ್ಲಿ ಪರ್ಶಿಯಾದ ದೊರೆ ಷಾ ಅಬ್ಬಾಸ್ ಯುರೋಪಿನ ಅರಸರ ಹತ್ತಿರ ರಾಯಭಾರಿಗಳನ್ನ ಕಳಿಸಿದ. ಆ ಹೊತ್ತಿಗೆ ಅಲ್ಲಿನ ಸಿರಿವಂತರಿಗೆ ಪರ್ಶಿಯಾದ ಹುಚ್ಚು. ಕುದುರೆ ಹತ್ತದವರೂ ಹಿಮ್ಮಡಿ ಏರಿಸಿದರು. 18ನೇ ಶತಮಾನದ ನಡುವೆ ಗಂಡಸರು ಬಿಟ್ಟರು, ಹೆಂಗಸರ ಕಾಲಲ್ಲಿ ಉಳೀತು. ಸವಾರನ ಜೋಡು ಅಂತ ಹೇಳಿ ನೋಡಿ, ಹುಡುಗ ಒಪ್ಪಬಹುದು.

ಟೊರಾಂಟೊ_ತುಂಗಾ:
ಸ್ಯಾಂಡಲ್ ಬೇಡಮ್ಮಾ! ರಿಗೋ 1701ರಲ್ಲಿ ಬರೆದ ಲೂಯಿಯ ಚಿತ್ರ ನೆಟ್‌ನಲ್ಲಿ ಸಿಗುತ್ತೆ, ದೊಡ್ಡದು ಮಾಡಿ ಪಾದ ಒಂದನ್ನೇ ನೋಡಿ. ಷೂ ಬಿಳಿ, ಹಿಮ್ಮಡಿ ಮಾತ್ರ ಕೆಂಪು. ಅರವತ್ತು ದಾಟಿದ ರಾಜ ನಿಲುವಂಗಿ ಸರಿಸಿ ಕಾಲು ತೋರಿಸ್ಕೊಂಡು ನಿಂತಿದಾನೆ, ಏನು ಜಂಬ! ಕೆಂಪು ಹಿಮ್ಮಡಿ ಆಸ್ಥಾನದವರ ಗುರುತು, ಆಳುಗಳ ಪಾತ್ರಕ್ಕೆ ಹಾಕಬೇಡಿ. ಮೇಲೆ ಬಕಲ್ ಇರಲಿ. ಲಂಡನ್ನಿನ ಪೀಪ್ಸ್ 1660ರ ಜನವರಿಯಲ್ಲೇ ಷೂಗೆ ಬಕಲ್ ಹಾಕೋಕೆ ಶುರು ಮಾಡಿದೆ ಅಂತ ದಿನಚರಿಯಲ್ಲಿ ಬರ್ಕೊಂಡಿದಾನೆ, ಹಾಗಾಗಿ ನಿಮ್ಮ ಕಾಲಕ್ಕೆ ಸರಿಹೋಗುತ್ತೆ. ರಿಕಾಪು ಹೇಳಿದ ಪರ್ಶಿಯನ್ ಸವಾರನ ಹಿಮ್ಮಡಿ ಜೋಡು ಇಲ್ಲಿನ ಬಾಟಾ ಷೂ ಮ್ಯೂಸಿಯಂನಲ್ಲಿದೆ, 17ನೇ ಶತಮಾನದ್ದು.

ಚರ್ಮದಮನಿ:
ಅಕ್ಕಾರ, ನಮ್ಮ ಮನ್ಯಾಗ ಅಜ್ಜನ ಕಾಲದಿಂದ ಇದs ಕೆಲಸ. ಸಪಾಟ ಷೂಗೆ ಸುಮ್ನ ಕಟ್ಟಿಗಿ ಹಿಮ್ಮಡಿ ಹೊಡದ್ರ ನಡುವಿನ ತಳ ಬಗ್ಗಿ ಮುರೀತದ, ಹುಡುಗ ಸ್ಟೇಜ್ ಮ್ಯಾಲೆ ಬೀಳ್ತಾನ. ಅಂಗಾಲು ಡೊಂಕು ಇರೋ ಜಾಗಾದಾಗ ಒಳಗ ಉಕ್ಕಿನ ಪಟ್ಟಿ ಕೂಡಸ್ರಿ. ಹಿಮ್ಮಡಿ ದಪ್ಪ ಇರಲಿ, ಕಟ್ಟಿಗಿಗೆ ಕೆಂಪು ಚರ್ಮ ಸುತ್ತಿ ಅಂಟಸ್ರಿ, ಬಣ್ಣ ಬಳದ್ರ ಎರಡನೇ ದಿನಕ್ಕ ಚಕ್ಕಿ ಏಳ್ತದ. ಎಡಾ ಬಲಾ ಬ್ಯಾರೆ ಕಾಣಬೇಕಂತ ಒದ್ದಾಡಬ್ಯಾಡ್ರಿ. ಆ ಕಾಲದಾಗ ಎರಡೂ ಷೂ ಒಂದs ಅಚ್ಚಿನ ಮ್ಯಾಲೆ ಮಾಡ್ತಿದ್ರು. ಹಿಮ್ಮಡಿ ಇರೋ ಷೂಗೆ ಎಡಕ್ಕೊಂದು ಬಲಕ್ಕೊಂದು ಅಚ್ಚು ಕೆತ್ತೂದು ತ್ರಾಸ. ಜೋಡಿ ಅಚ್ಚು ಮತ್ತ ಬಳಕಿಗೆ ಬಂದದ್ದು 1800ರ ಸುಮಾರಿಗೆ.

ಬಣ್ಣದಪೆಟ್ಟಿಗೆ:
ಎಲ್ಲರಿಗೂ ಥ್ಯಾಂಕ್ಸ್. ಪಟ್ಟಿ ಹಾಕಿಸಿದೆ, ನಾನೇ ಹಾಕ್ಕೊಂಡು ಹಾಲ್ ತುಂಬ ಓಡಾಡಿದೆ, ಮುರೀಲಿಲ್ಲ. ಕುದುರೆ, ಬಾಣ ಅಂದಿದ್ದಕ್ಕೆ ಹುಡುಗನ ಮುಖ ಅರಳಿತು, ಹೀಲ್ಸಿಗೆ ಒಪ್ಪಿದ. ಆಮೇಲೆ ರಿಗೋ ಚಿತ್ರ ತೋರಿಸಿದ್ದೇ ತಪ್ಪಾಯ್ತು. ಈಗ ತಕರಾರು ತೊಡೆವರೆಗೆ ಬರೋ ಆ ಬಿಳಿ ಕಾಲ್ಚೀಲದ್ದು.