ಆಟಿ ತಿಂಗಳ ಮಳೆಯಲ್ಲಿ ತಿಗಣೆ ಕಾಟ: ಬಿಸಿಲಿಲ್ಲದೆ ಹಾಸಿಗೆಯನ್ನು ಶುದ್ಧಗೊಳಿಸುವುದು ಹೇಗೆ?

ಪ್ರಶ್ನೆ (ಕುಂಜಿಬೆಟ್ಟು, ಉಡುಪಿ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪಿ.ಜಿ.ಯಲ್ಲಿರುವ ಮಗ ರಾತ್ರಿ ಬಸ್ಸಿನಲ್ಲಿ ಊರಿಗೆ ಬಂದುಹೋದ ಬಳಿಕ ನಮ್ಮ ಅತ್ತೆಯವರ ತೋಳು, ಕುತ್ತಿಗೆಗಳಲ್ಲಿ ಸಾಲಾಗಿ ಕೆಂಪು ದದ್ದುಗಳು ಏಳುತ್ತಿವೆ. ಸೊಳ್ಳೆ ಪರದೆ ಕಟ್ಟಿದರೂ ಕಡಿಮೆಯಾಗಿಲ್ಲ. ಹಾಸಿಗೆಯ ಅಂಚಿನ ಹೊಲಿಗೆಯಲ್ಲಿ ಶಾಯಿ ಇಂಗಿದಂತಹ ಕಪ್ಪು ಚುಕ್ಕೆಗಳಿವೆ. ಇದು ತಿಗಣೆಯೇ? ಹಾಸಿಗೆಯನ್ನು ಅಂಗಳಕ್ಕೆ ಹಾಕೋಣವೆಂದರೆ ಬಿಸಿಲೇ ಇಲ್ಲ. ಅಕ್ಕಿ ಮೂಟೆಗೆ ಇಡುವ ಮಾತ್ರೆಯನ್ನು ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿದರೆ ಸಾಕೆಂದು ಪರಿಚಿತರೊಬ್ಬರು ಹೇಳಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ 1 (ಕದ್ರಿ, ಮಂಗಳೂರು)

ಮೇಡಂ, ದಯವಿಟ್ಟು ಆ ಮಾತ್ರೆಯನ್ನು ಮನೆಯೊಳಗೆ ತರಲೇಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದೊಡನೆ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಬಾಗಿಲ ಸಂದಿನಿಂದ ನುಸುಳಿ ಪಕ್ಕದ ಕೋಣೆಯಲ್ಲಿ ಮಲಗಿದವರ ಪ್ರಾಣವನ್ನೂ ತೆಗೆಯಬಲ್ಲ ಆ ಅನಿಲಕ್ಕೆ ಪ್ರತ್ಯೌಷಧವೇ ಇಲ್ಲ. ಮಂಚಕ್ಕೆ ಸೀಮೆಎಣ್ಣೆ ಹಚ್ಚುವುದೂ ಬೇಡ, ಬೆಂಕಿಯ ಭಯವಿದೆ.

ದದ್ದನ್ನಷ್ಟೇ ನೋಡಿ ತಿಗಣೆಯೆಂದು ನಿರ್ಧರಿಸಲಾಗದು. ಆ ಚುಕ್ಕೆಯನ್ನು ಒದ್ದೆ ಹತ್ತಿಯಿಂದ ಒರೆಸಿ ನೋಡಿ. ಕಂದುಗೆಂಪಾಗಿ ಹರಡಿದರೆ ಅದು ಜೀರ್ಣವಾದ ರಕ್ತ, ಅಂದರೆ ತಿಗಣೆಯ ಮಲ. ಬಳಿಕ ಟಾರ್ಚ್ ಹಿಡಿದು ಮಂಚದ ಕೀಲುಗಳು, ಸ್ಕ್ರೂ ತೂತುಗಳು, ತಲೆದಿಕ್ಕಿನ ಹಲಗೆಯ ಹಿಂಬದಿ, ಗೋಡೆಯ ಸ್ವಿಚ್‌ಬೋರ್ಡಿನ ಅಂಚು ಇವನ್ನೆಲ್ಲ ಪರೀಕ್ಷಿಸಿ. ಸುಮಾರು 5 ಮಿ.ಮೀ. ಉದ್ದದ ಚಪ್ಪಟೆ ಕಂದು ಹುಳುಗಳ ಜೊತೆ, ಕಳಚಿದ ಪೊರೆಗಳೂ 1 ಮಿ.ಮೀ. ಗಾತ್ರದ ಬಿಳಿ ಮೊಟ್ಟೆಗಳೂ ಅಲ್ಲಿ ಅಂಟಿಕೊಂಡಿರುತ್ತವೆ.

ಬಿಸಿಲಿಲ್ಲವೆಂಬ ಚಿಂತೆ ಬೇಡ. ಬೇಸಿಗೆಯಲ್ಲೂ ದಪ್ಪ ಹಾಸಿಗೆಯ ಒಳಭಾಗ ಸಾಕಷ್ಟು ಕಾಯುವುದಿಲ್ಲ, ಹುಳುಗಳು ನೆರಳಿನ ಮಗ್ಗುಲಿಗೆ ಸರಿದುಬಿಡುತ್ತವೆ. ಅವು ಮೊಟ್ಟೆಗಳ ಸಮೇತ ಸಾಯಲು 50 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ಬೇಕು. ಹೊದಿಕೆ, ದಿಂಬಿನ ಕವರುಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಹಾಸಿಗೆಯ ಹೊಲಿಗೆಗೆ ಸ್ಟೀಮರಿನ ಹಬೆಯನ್ನು ಬಹಳ ನಿಧಾನವಾಗಿ ಹಾಯಿಸಿ. ಮರದ ಮಂಚವಾದರೆ ಬಿಚ್ಚಿ ಕೀಲುಗಳಿಗೆ ಕುದಿಯುವ ನೀರನ್ನು ಹೊಯ್ಯಬಹುದು. ಮೊಟ್ಟೆಗಳು ಸಾಮಾನ್ಯವಾಗಿ 6ರಿಂದ 10 ದಿನಗಳಲ್ಲಿ ಒಡೆಯುವುದರಿಂದ, ಎರಡು ವಾರದೊಳಗೆ ಇದನ್ನೆಲ್ಲ ಮತ್ತೊಮ್ಮೆ ಮಾಡಲೇಬೇಕು.

ಮಂಚವನ್ನು ಗೋಡೆಯಿಂದ ದೂರ ಸರಿಸಿ, ಕಾಲುಗಳನ್ನು ಸೋಪುನೀರಿನ ಬಟ್ಟಲುಗಳಲ್ಲಿರಿಸಿ. ಕೋಣೆಯನ್ನು ಖಾಲಿ ಬಿಟ್ಟು ಪ್ರಯೋಜನವಿಲ್ಲ, ತಿಗಣೆ ತಿಂಗಳುಗಟ್ಟಲೆ ಉಪವಾಸವಿರಬಲ್ಲದು.

ಉತ್ತರ 2 (ಮಣಿಪಾಲ)

ಅಂಗಡಿಯ ಸ್ಪ್ರೇಗಳನ್ನೇ ನಂಬಬೇಡಿ. ಅವುಗಳಲ್ಲಿ ಹೆಚ್ಚಾಗಿರುವ ಪೈರೆಥ್ರಾಯ್ಡ್ ಎಂಬ ಬಗೆಯ ಕೀಟನಾಶಕಕ್ಕೆ ಅನೇಕ ಕಡೆ ತಿಗಣೆಗಳು ಒಗ್ಗಿಹೋಗಿವೆ. ಕೀಟ ನಿಯಂತ್ರಣದವರನ್ನು ಕರೆಸುವುದಾದರೆ ಎರಡನೆಯ ಭೇಟಿಯನ್ನು ಮೊದಲೇ ಮಾತನಾಡಿಕೊಳ್ಳಿ. ತಿಗಣೆ ಕಡಿತದಿಂದ ರೋಗ ಹರಡುವುದಾಗಿ ಕಂಡುಬಂದಿಲ್ಲ, ಆದರೂ ಅತ್ತೆಯವರಿಗೆ ಬಾವು ಬಂದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ ಕೇಳಿದವರು

ಹತ್ತಿ ಕಂದುಗೆಂಪಾಯಿತು, ಮಂಚದ ಕೀಲಿನಲ್ಲಿ ಹುಳುಗಳೂ ಸಿಕ್ಕವು. ಮಾತ್ರೆಯ ಯೋಚನೆಯನ್ನು ಬಿಟ್ಟಿದ್ದೇವೆ. ಚೌತಿಗೆ ಮಗ ಮತ್ತೆ ಬರುತ್ತಾನೆ, ಏನು ಮಾಡಲಿ?

ಉತ್ತರ 1

ಬ್ಯಾಗನ್ನು ಜಗಲಿಯಲ್ಲೇ ಬಿಚ್ಚಿಸಿ, ಬಟ್ಟೆಗಳನ್ನು ನೇರವಾಗಿ ಬಿಸಿನೀರಿಗೆ ಹಾಕಿಸಿ, ಬ್ಯಾಗಿನ ಜಿಪ್ ಮತ್ತು ಹೊಲಿಗೆಗಳಿಗೂ ಹಬೆ ಹಿಡಿಯಿರಿ. ಪಿ.ಜಿ.ಯ ಮಂಚವನ್ನು ಅವನು ಇಂದೇ ಪರೀಕ್ಷಿಸಲಿ. ಲಾಡ್ಜಿನಲ್ಲಿ ಉಳಿಯುವಾಗಲೂ ಹಾಸಿಗೆಯ ಮೂಲೆಗಳನ್ನು ಎತ್ತಿ ನೋಡುವವರೆಗೆ ಬ್ಯಾಗನ್ನು ಬಚ್ಚಲಿನ ಒಣನೆಲದಲ್ಲಿ ಇಡುವುದು ಕ್ಷೇಮ.