ಮೇಗ್ರೆ ಆಗುವ ಮುಂಚೆ ಬ್ರುನೋ ಕ್ರೆಮೇರ್ ಏನು ಮಾಡುತ್ತಿದ್ದರು?

ರಾತ್ರಿಪಾಳಿ:
ಎರಡು ತಿಂಗಳಿಂದ ಹಳೇ ಫ್ರೆಂಚ್ ಮೇಗ್ರೆ ಸೀರಿಯಲ್ ನೋಡುತ್ತಿದ್ದೇನೆ, ಮೇಗ್ರೆ ಅನ್ನುವ ಪ್ಯಾರಿಸ್ ಪೊಲೀಸ್ ಅಧಿಕಾರಿಯ ಪತ್ತೇದಾರಿ ಕಥೆಗಳು, ಆ ಪಾತ್ರ ಬ್ರುನೋ ಕ್ರೆಮೇರ್ ಮಾಡಿರುವುದು. ಒಟ್ಟು 54 ಕಂತು, ಒಂದೊಂದೂ ಸುಮಾರು ಒಂದೂವರೆ ಗಂಟೆ. ನಾನು ಇಪ್ಪತ್ತೆರಡಕ್ಕೆ ಬಂದಿದ್ದೇನೆ.

ಮೊದಲೆರಡು ಕಂತಿಗೆ ನಿದ್ದೆ ಬಂತು, ಸುಳ್ಳು ಯಾಕೆ ಹೇಳಲಿ. ಈ ಮನುಷ್ಯ ಏನೂ ಮಾಡುವುದೇ ಇಲ್ಲ. ದೊಡ್ಡ ಓವರ್‌ಕೋಟಲ್ಲೇ ಬಂದು ಕೂರುತ್ತಾರೆ, ಪೈಪಿಗೆ ತಂಬಾಕು ತುಂಬುತ್ತಾರೆ, ಎದುರಿಗಿರುವವನು ಸುಳ್ಳಿನ ಮೇಲೆ ಸುಳ್ಳು ಪೋಣಿಸುತ್ತಾ ಹೋಗುತ್ತಾನೆ, ಇವರು ಸುಮ್ನೆ ಕೇಳಿಸಿಕೊಳ್ಳುತ್ತಾರೆ. ಕೊನೆಗೆ ಅವನಿಗೇ ತಡೆಯೋಕಾಗದೆ ಎಲ್ಲ ಕಕ್ಕಿಬಿಡುತ್ತಾನೆ. ಈಗ ನೋಡದೆ ಇರೋಕೆ ಆಗುತ್ತಿಲ್ಲ.

1991ರಲ್ಲಿ ಇದು ಶುರುವಾದಾಗ ಇವರಿಗೆ ಅರವತ್ತು ದಾಟಿತ್ತು. ಅಲ್ಲಿವರೆಗೆ ಎಲ್ಲಿದ್ದರು? ಬರೀ ಟಿವಿ ನಟನಾ? ಸಿನಿಮಾ ಇದ್ದರೆ ಯಾವುದರಿಂದ ಶುರು ಮಾಡಲಿ?

ಹಳೇರೀಲು:
ಅಯ್ಯೋ, ಬರೀ ಟಿವಿ ನಟ ಅಲ್ಲ ಗುರೂ. ಹುಟ್ಟಿದ್ದು 1929ರಲ್ಲಿ, ಪ್ಯಾರಿಸ್‌ಗೆ ಅಂಟಿಕೊಂಡಿರುವ ಸಾಂ-ಮಾಂದೆಯಲ್ಲಿ. ನಟನೆ ಕಲಿತದ್ದು ಪ್ಯಾರಿಸ್‌ನ ಕಾನ್ಸರ್ವತ್ವಾರ್ ಅನ್ನುವ ನಟನಾ ಶಾಲೆಯಲ್ಲಿ. ಜೊತೆಗಿದ್ದವರು ಯಾರು ನೋಡಿ, ಎಲ್ಲ ಆಮೇಲೆ ಫ್ರೆಂಚ್ ಸಿನಿಮಾದ ದೊಡ್ಡ ಹೆಸರಾದವರು: ಬೆಲ್ಮೋಂಡೋ, ಜ್ಯಾಂ ರೋಷ್‌ಫೋರ್, ಜ್ಯಾಂ-ಪಿಯೇರ್ ಮರಿಯೆಲ್. ಎಂಥಾ ಗ್ಯಾಂಗು! ಅದಾದ ಮೇಲೆ ವರ್ಷಗಟ್ಟಲೆ ನಾಟಕ. 1959ರಲ್ಲಿ ಜ್ಯಾಂ ಅನೂಯ್ ಅವರ 'ಬೆಕೆಟ್' ಮೊದಲ ಸಲ ರಂಗಕ್ಕೆ ಬಂದಾಗ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಪಾತ್ರ ಮಾಡಿದ್ದು ಇವರೇ.

ಶುರು ಮಾಡುವುದಾದರೆ 1965ರ '317ನೇ ತುಕಡಿ'ಯಿಂದ ಮಾಡಿ. ನಿರ್ದೇಶಕ ಪಿಯೇರ್ ಶೋಂಡೋರ್ಫರ್. ಆತ ಸೈನ್ಯದ ಕ್ಯಾಮೆರಾಮನ್ ಆಗಿದ್ದವನು, ವಿಯೆಟ್ನಾಂನ ದಿಯೆನ್ ಬಿಯೆನ್ ಫುವಿನಲ್ಲಿ ಫ್ರೆಂಚರು ಸೋತಾಗ ಸೆರೆ ಸಿಕ್ಕವನು. ಕ್ಯಾಮೆರಾ ಹಿಡಿದ ರೌಲ್ ಕುತಾರ್ ಕೂಡ ಇಂಡೋಚೀನಾದಲ್ಲಿ (ಆಗ ಫ್ರೆಂಚರ ಕೈಲಿದ್ದ ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್) ಯುದ್ಧದ ಫೋಟೋ ತೆಗೆದು ಬಂದವನೇ. ಶೂಟಿಂಗ್ ಕಾಂಬೋಡಿಯಾದ ಕಾಡಲ್ಲಿ, ಕಪ್ಪು ಬಿಳುಪಲ್ಲಿ. 1954ರ ಮೇ ತಿಂಗಳು, ಫ್ರೆಂಚರು ಸೋಲುತ್ತಿದ್ದಾರೆ, ಒಂದು ಸಣ್ಣ ತುಕಡಿ ಕಾಡಲ್ಲಿ ಹಿಂದಕ್ಕೆ ಬರುತ್ತಿದೆ. ಅಷ್ಟೇ ಕಥೆ.

ಕ್ರೆಮೇರ್ ಅದರಲ್ಲಿ ವಿಲ್ಸ್‌ಡೋರ್ಫ್ ಅನ್ನುವ ಹಳೇ ಹುಲಿ. ಜರ್ಮನಿ ಗಡಿಗೆ ಅಂಟಿಕೊಂಡ ಫ್ರಾನ್ಸಿನ ಅಲ್ಸಾಸ್‌ನವನು, ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಇವನನ್ನು ಬಲವಂತವಾಗಿ ಎಳೆದುಕೊಂಡು ಹೋಗಿ ರಷ್ಯಾಕ್ಕೆ ಕಳಿಸಿತ್ತು. ಮೇಲಧಿಕಾರಿಯ ಪಾತ್ರ ಜಾಕ್ ಪೆರಿನ್‌ದು, ಟ್ರೈನಿಂಗ್ ಮುಗಿಸಿ ಈಗಷ್ಟೇ ಬಂದ ಹುಡುಗ. ಗಾಯಗೊಂಡವರನ್ನು ಹೊತ್ತುಕೊಂಡೇ ಹೋಗಬೇಕು ಅಂತ ಹುಡುಗನ ಹಟ. ಹೊತ್ತುಕೊಂಡರೆ ನಡಿಗೆ ನಿಧಾನ, ನಿಧಾನವಾದರೆ ಎಲ್ಲರೂ ಸಾಯುತ್ತೇವೆ ಅಂತ ಇವನ ಲೆಕ್ಕ. ಕ್ರೆಮೇರ್ ಅಲ್ಲಿ ಕೂಗಾಡುವುದಿಲ್ಲ. ಹುಡುಗನ ಮುಖ ನೋಡುತ್ತಾರೆ, ಹೇಳಬೇಕಾದ್ದು ಹೇಳುತ್ತಾರೆ, ಆಮೇಲೆ ಹೇಳಿದ ಕೆಲಸ ಮಾಡುತ್ತಾರೆ. ನೀವು ಮೇಗ್ರೆಯಲ್ಲಿ ನೋಡುತ್ತಿರುವ ಆ ಕೇಳಿಸಿಕೊಳ್ಳುವ ಮುಖ ಇಲ್ಲಿಂದಲೇ ಬಂದದ್ದು, ಆಗ ವಯಸ್ಸು ಮೂವತ್ತೈದು.

ಮೂರನೇಸಾಲು:
ಹಳೇರೀಲು ಹೇಳಿದ್ದು ಸರಿ, ಆದರೆ ನನಗೊಂದು ಸಿಟ್ಟಿದೆ. ಹದಿನಾಲ್ಕು ವರ್ಷ ಒಂದೇ ಪಾತ್ರ! ಅಷ್ಟು ಒಳ್ಳೆ ನಟ 1991ರಿಂದ 2005ರವರೆಗೆ ಅದೇ ಪೈಪು ಅದೇ ಟೋಪಿ ಅಂತ ಕಳೆದುಬಿಟ್ಟರಲ್ಲ. ಇಟಲಿಯ ದೊಡ್ಡ ನಿರ್ದೇಶಕ ವಿಸ್ಕೋಂತಿ ಜೊತೆ ಕೆಲಸ ಮಾಡಿದವರು, 1966ರಲ್ಲಿ ನಾಜಿಗಳಿಂದ ಪ್ಯಾರಿಸ್ ಬಿಡಿಸಿಕೊಂಡ ಕಥೆಯ ಆ ದೊಡ್ಡ ಸಿನಿಮಾದಲ್ಲಿ 'ಕರ್ನಲ್ ರೋಲ್' ಅನ್ನುವ ಹೆಸರಿನ ಪ್ರತಿರೋಧದ ನಾಯಕನಾಗಿದ್ದವರು. ಈಗ ಯಾರನ್ನು ಕೇಳಿದರೂ 'ಓ ಮೇಗ್ರೆ ಅಲ್ವಾ' ಅಷ್ಟೇ. ಅವರಿಗಿಂತ ಮುಂಚೆ ಜ್ಯಾಂ ರಿಷಾರ್ ಫ್ರೆಂಚ್ ಟಿವಿಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ವರ್ಷ ಇದೇ ಮೇಗ್ರೆ ಮಾಡಿದ್ದರು, ಅವರ ಗತಿಯೂ ಇದೇ ಆಯಿತು.

ನೀವು ಕೇಳಿದ್ದಕ್ಕೆ ಉತ್ತರ ಅಂದರೆ 1977ರ 'ಸಾರ್ಸರರ್' ನೋಡಿ, ವಿಲಿಯಂ ಫ್ರೀಡ್‌ಕಿನ್‌ದು. ಹಳೇ ಸ್ಫೋಟಕ ತುಂಬಿದ ಎರಡು ಲಾರಿಯನ್ನು ಕಾಡಿನ ದಾರಿಯಲ್ಲಿ ಓಡಿಸಬೇಕು. ಕ್ರೆಮೇರ್ ಅದರಲ್ಲಿ ವಂಚನೆ ಕೇಸಲ್ಲಿ ಸಿಕ್ಕಿಹಾಕಿಕೊಂಡು ಪ್ಯಾರಿಸ್‌ನಿಂದ ಓಡಿ ಬಂದ ಬ್ಯಾಂಕಿನವನು. ಹಗ್ಗದ ಸೇತುವೆ ಮೇಲೆ ಲಾರಿ ಓಲಾಡುವ ದೃಶ್ಯ ಎಲ್ಲರಿಗೂ ಗೊತ್ತು (ಅದಕ್ಕೆ ಅಂತ ಆರಿಸಿದ್ದ ನದಿ ಬತ್ತಿಹೋಗಿ ಸೇತುವೆಯನ್ನೇ ಇನ್ನೊಂದು ದೇಶದಲ್ಲಿ ಮತ್ತೆ ಕಟ್ಟಬೇಕಾಯಿತು, ಅದೇ ಒಂದು ಕಥೆ). ನನಗೆ ಅದಕ್ಕಿಂತ ಇಷ್ಟ ಗಡಿಯಾರದ ದೃಶ್ಯ. ಕಷ್ಟದ ದಾರಿ ಎಲ್ಲ ಮುಗಿದಿರುತ್ತದೆ. ಲಾರಿ ಓಡಿಸುತ್ತಾ ಪಕ್ಕದವನಿಗೆ ಹೆಂಡತಿ ಕೊಟ್ಟ ಕೈಗಡಿಯಾರದ ವಿಷಯ ಹೇಳುತ್ತಾರೆ. ಮೊದಲ ಸಲ ಆ ಮುಖ ಸಡಿಲವಾಗುತ್ತದೆ. ಅಷ್ಟರಲ್ಲಿ ಟೈರು ಢಮಾರ್. ಮುಗಿಯಿತು.

ಪಾಪ, ಆ ಸಿನಿಮಾ ಅಮೆರಿಕದಲ್ಲಿ 'ಸ್ಟಾರ್ ವಾರ್ಸ್' ಬಂದ ಒಂದೇ ತಿಂಗಳಿಗೆ ಬಂದು ನೆಲಕಚ್ಚಿತು. ಅದು ಓಡಿದ್ದರೆ ಇವರ ದಾರಿಯೇ ಬೇರೆಯಾಗುತ್ತಿತ್ತು ಅನ್ನುವುದು ನನ್ನ ವಾದ.

ಮಳೆಗಾಲ:
ಮೂರನೇಸಾಲು, ನಿಮ್ಮ ಸಿಟ್ಟು ನನಗೆ ಒಪ್ಪಿಗೆ ಇಲ್ಲ. ಮೇಗ್ರೆ ಮಾಡುತ್ತಲೇ 2000ದಲ್ಲಿ ಫ್ರಾಂಸ್ವಾ ಓಜೋನ್ ಅವರ 'ಮರಳಿನಡಿ' ಮಾಡಿದರಲ್ಲ. ಒಂದೇ ಪಾತ್ರದಲ್ಲಿ ಹೂತುಹೋದವರಿಗೆ ಅದು ಆಗುತ್ತಿತ್ತಾ?

ಗಂಡ ಹೆಂಡತಿ ರಜೆಗೆ ಸಮುದ್ರದ ಹತ್ತಿರದ ಮನೆಗೆ ಹೋಗುತ್ತಾರೆ. ಗಂಡ ಕ್ರೆಮೇರ್, ಹೆಂಡತಿ ಶಾರ್ಲೆಟ್ ರಾಂಪ್ಲಿಂಗ್. ಅವಳು ಮರಳಲ್ಲಿ ಮಲಗಿ ನಿದ್ದೆ ಹೋಗುತ್ತಾಳೆ, ಇವನು ಈಜೋಕೆ ಹೋಗುತ್ತಾನೆ, ವಾಪಸ್ ಬರುವುದಿಲ್ಲ. ಆಮೇಲೂ ಮನೆಯಲ್ಲಿ ಇದ್ದಾನೆ ಅನ್ನುವ ಹಾಗೆ ಅವಳಿಗೆ ಕಾಣಿಸುತ್ತಾ ಇರುತ್ತಾನೆ. ಇವರ ಭಾಗ ತುಂಬಾ ಕಡಿಮೆ, ಮಾತು ಇನ್ನೂ ಕಡಿಮೆ. ಶುರುವಿನಲ್ಲಿ ಸೌದೆ ಆರಿಸೋಕೆ ಕಾಡಿಗೆ ಹೋಗುತ್ತಾರೆ, ಒಂದು ಮರದ ತುಂಡು ಎತ್ತಿದರೆ ಅಡಿಯಲ್ಲಿ ಇರುವೆಗಳು. ಸ್ವಲ್ಪ ಹೊತ್ತು ನೋಡುತ್ತಾ ನಿಲ್ಲುತ್ತಾರೆ. ಆ ಒಂದು ನೋಟ ಇಲ್ಲದಿದ್ದರೆ ಉಳಿದ ಸಿನಿಮಾ ನಿಲ್ಲುವುದಿಲ್ಲ. ಮುಳುಗಿದನಾ, ಬೇಕಂತಲೇ ಹೋದನಾ ಅಂತ ನಾವು ಕೊನೆಯವರೆಗೆ ಆ ಇರುವೆಗಳನ್ನೇ ನೆನೆಸಿಕೊಳ್ಳುತ್ತಾ ಕೂರಬೇಕು.

1989ರ 'ನೋಸ್ ಬ್ಲಾಂಷ್' ಬಗ್ಗೆ ಯಾರೂ ಹೇಳಲಿಲ್ಲ, ವನೆಸಾ ಪಾರಾದಿ ಜೊತೆಗಿನದು. ಮೇಷ್ಟ್ರು ಮತ್ತು ಶಾಲೆ ಹುಡುಗಿಯ ಪ್ರೇಮ. ನಟನೆ ಚೆನ್ನಾಗಿದೆ, ಆದರೆ ಇವತ್ತು ನೋಡಿದರೆ ಮುಜುಗರ ಆಗುತ್ತದೆ. ಮೊದಲು ಅದನ್ನೇ ನೋಡಬೇಡಿ.

ಇನ್ನೊಂದು ವಿಷಯ ರಾತ್ರಿಪಾಳಿಯವರೇ. 2005ರ ಕೊನೆ ಕಂತಿಗೆ ಬಂದಾಗ ಧ್ವನಿ ಗಮನಿಸಿ. ಆ ಹೊತ್ತಿಗೆ ಅವರ ಆರೋಗ್ಯ ಕೆಟ್ಟಿತ್ತು, ಡಬ್ಬಿಂಗ್ ಮಾಡೋಕೆ ಆಗಲಿಲ್ಲ, ವ್ಯಾಂಸಾಂ ಗ್ರಾಸ್ ಅನ್ನುವ ನಟ ಧ್ವನಿ ಕೊಟ್ಟರು. ಮುಖ ಅದೇ, ಕೋಟು ಅದೇ, ಮಾತಾಡಿದಾಗ ಬೇರೆ ಯಾರೋ. ನನಗೆ ಮೊದಲು ಗೊತ್ತಿರಲಿಲ್ಲ, ನನ್ನ ಸ್ಪೀಕರ್ ಕೆಟ್ಟಿದೆ ಅಂದುಕೊಂಡೆ. 2010ರ ಆಗಸ್ಟ್‌ನಲ್ಲಿ ತೀರಿಕೊಂಡರು, ಕ್ಯಾನ್ಸರ್.

ಮೂರನೇಸಾಲು:
'ಮರಳಿನಡಿ' ಮರೆತೇಹೋಗಿತ್ತು. ಸರಿ, ಅರ್ಧ ಸಿಟ್ಟು ವಾಪಸ್ ತಗೊಂಡೆ.

ರಾತ್ರಿಪಾಳಿ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ '317ನೇ ತುಕಡಿ' ನೋಡಿದೆ. ಗಡ್ಡ ಬಿಟ್ಟುಕೊಂಡು ಬೆವರಲ್ಲಿ ನೆಂದಿರುವ ಆ ಮನುಷ್ಯನೇ ಮೇಗ್ರೆ ಅಂತ ಗುರುತು ಹಿಡಿಯೋಕೆ ಹತ್ತು ನಿಮಿಷ ಬೇಕಾಯಿತು, ಆಮೇಲೆ ಒಂದು ಸಲ ಹುಡುಗನ ಕಡೆ ತಿರುಗಿ ಸುಮ್ಮನಾದರಲ್ಲ, ಆಗ ಗೊತ್ತಾಯಿತು. ಇವತ್ತು ಲಾರಿ ಸಿನಿಮಾ. ಆ ಕೊನೆ ಕಂತು ಮಾತ್ರ ಸದ್ಯಕ್ಕೆ ಬೇಡ, ಅದಕ್ಕೆ ಮುಂಚೆ ಇನ್ನೂ ಮೂವತ್ತೊಂದು ಇವೆ.